ಯಾವ ಕೆಲಸಕ್ಕೆ ಯಾವ ಲಿಸ್ಪ್: ಕ್ಲೋಜರ್, ಕಾಮನ್ ಲಿಸ್ಪ್, ರಾಕೆಟ್ ಮತ್ತು ಉಳಿದವು

ಲಿಸ್ಪ್ ಅಂದರೆ ಒಂದು ಪ್ರೋಗ್ರಾಮಿಂಗ್ ಭಾಷೆಗಳ ಕುಟುಂಬ; ಕ್ಲೋಜರ್, ಕಾಮನ್ ಲಿಸ್ಪ್, ರಾಕೆಟ್ ಎಲ್ಲ ಅದರವೇ. ಅದರಲ್ಲಿ ನಿಜವಾದ ಪ್ರಾಜೆಕ್ಟ್ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ‘ಇವುಗಳಲ್ಲಿ ಯಾವುದು ಒಳ್ಳೆಯದು?’ ಅಂತ. ಆ ಪ್ರಶ್ನೆ ಆಮೇಲೆ ಕೇಳಿ. ಮೊದಲು ಬೇರೆ ಮೂರು ವಿಷಯ ಗೊತ್ತುಮಾಡಿಕೊಳ್ಳಿ. ನಿಮ್ಮ ಪ್ರೋಗ್ರಾಮ್ ಎಲ್ಲಿ ಓಡಬೇಕು? ಯಾವ ಸಾಫ್ಟ್‌ವೇರ್‌ಗಳ ಜೊತೆ ಮಾತಾಡಬೇಕು? ರಾತ್ರಿ ಹನ್ನೊಂದಕ್ಕೆ ಅದು ನಿಂತುಹೋದರೆ ಯಾರು ಎದ್ದು ನೋಡುತ್ತಾರೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಭಾಷೆಯ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆಯೇ.

ಕಾರಣ ಇಷ್ಟೆ. 1958ರಲ್ಲಿ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಶುರುಮಾಡಿದ ಲಿಸ್ಪ್‌ನಿಂದ ಹುಟ್ಟಿದ ಭಾಷೆಗಳೆಲ್ಲ ಮೇಲ್ನೋಟಕ್ಕೆ ಒಂದೇ ಥರ. ಬ್ರಾಕೆಟ್ಟುಗಳು ಎಲ್ಲದರಲ್ಲೂ ಇವೆ. ಕೋಡನ್ನೇ ಡೇಟಾ ಥರ ಹಿಡಿದು ಹೊಸ ಕೋಡ್ ಹುಟ್ಟಿಸುವ ಮ್ಯಾಕ್ರೊ ಹೆಚ್ಚಿನವುಗಳಲ್ಲಿ ಇದೆ. ಪ್ರೋಗ್ರಾಮ್ ಓಡುತ್ತಿರುವಾಗಲೇ ಒಂದೊಂದು ಸಾಲು ಕೊಟ್ಟು ಉತ್ತರ ನೋಡುವ ರೆಪ್ಲ್ ಕೂಡ ಇದೆ. ಹಾಗಾಗಿ ಭಾಷೆಯ ಸೊಗಸು ನೋಡಿ ಆರಿಸಲು ಹೋದರೆ ತಲೆ ಕೆಡುತ್ತದೆ. ಇವು ಬೇರೆಯಾಗುವುದು ಕೆಳಗಿನ ನೆಲದಲ್ಲಿ. ಒಂದು ಜಾವಾದ ಮೇಲೆ ನಿಂತಿದೆ, ಇನ್ನೊಂದು ನೇರವಾಗಿ ಮಷೀನ್ ಕೋಡ್ ಕೊಡುತ್ತದೆ, ಮತ್ತೊಂದು ಲುವಾ ಎಂಬ ಪುಟ್ಟ ಸ್ಕ್ರಿಪ್ಟಿಂಗ್ ಭಾಷೆಯಾಗಿ ಬದಲಾಗುತ್ತದೆ. ನಿಮಗೆ ಸಿಗುವ ಲೈಬ್ರರಿ, ವೇಗ, ಮೆಮೊರಿ ಖರ್ಚು, ಕೆಲಸಕ್ಕೆ ಸಿಗುವ ಜನ, ಎಲ್ಲವೂ ಆ ನೆಲದ ಮೇಲೇ ನಿಂತಿವೆ.

ಈ ಬರಹ ಹಾಬಿಗೆ ಕಲಿಯುವವರಿಗಲ್ಲ. ಹಾಬಿಗಾದರೆ ಯಾವುದು ಖುಷಿ ಕೊಡುತ್ತದೋ ಅದನ್ನು ಕಲಿಯಿರಿ. ಇದು ಬಳಕೆದಾರರು ಇರುವ, ಡೆಡ್‌ಲೈನ್ ಇರುವ, ಎರಡು ವರ್ಷ ಆದಮೇಲೂ ಯಾರೋ ನೋಡಿಕೊಳ್ಳಬೇಕಾದ ಪ್ರಾಜೆಕ್ಟ್‌ಗೆ.

ಮೊದಲು ಕ್ಲೋಜರ್

ಕಂಪನಿಯಲ್ಲಿ ಈಗಾಗಲೇ ಜಾವಾ ಇದ್ದರೆ ಜಾಸ್ತಿ ಯೋಚನೆ ಮಾಡಬೇಡಿ, ಕ್ಲೋಜರ್ ತಗೊಳ್ಳಿ. ರಿಚ್ ಹಿಕಿ 2007ರಲ್ಲಿ ಇದನ್ನು ಹೊರಬಿಟ್ಟಾಗ ಮಾಡಿದ ಒಂದು ತೀರ್ಮಾನವೇ ಇವತ್ತಿಗೂ ಇದರ ದೊಡ್ಡ ಬಲ: ಸ್ವಂತ ಲೋಕ ಕಟ್ಟಿಕೊಳ್ಳದೆ, ಜಾವಾ ಪ್ರೋಗ್ರಾಮ್‌ಗಳನ್ನು ಓಡಿಸುವ ಜೆವಿಎಂ ಮೇಲೆ ಕೂರುವುದು. ಪೋಸ್ಟ್‌ಗ್ರೆಸ್ ಡ್ರೈವರ್, ಕಾಫ್ಕಾ, ಪಿಡಿಎಫ್ ಮಾಡುವುದು, ಕ್ಲೌಡ್ ಕಂಪನಿಗಳು ಕೊಡುವ ಜಾವಾ ಕಿಟ್‌ಗಳು, ಎಲ್ಲವನ್ನೂ ನೇರವಾಗಿ ಕರೆಯಬಹುದು. ಯಾರಾದರೂ ಅದಕ್ಕೆ ಕ್ಲೋಜರ್ ಕವಚ ಬರೆದಿದ್ದಾರಾ ಅಂತ ಕಾಯಬೇಕಿಲ್ಲ. ಕೊನೆಗೆ ಹೊರಬರುವುದು ಒಂದು ಜಾರ್ ಫೈಲು. ಸರ್ವರ್ ನೋಡಿಕೊಳ್ಳುವ ತಂಡಕ್ಕೆ ಅದು ಇನ್ನೊಂದು ಜಾವಾ ಪ್ರೋಗ್ರಾಮ್ ಅಷ್ಟೇ, ಅವರ ಮಾನಿಟರಿಂಗ್, ಲಾಗ್, ಹೀಪ್ ಡಂಪ್ ಎಲ್ಲ ಹಾಗೇ ನಡೆಯುತ್ತವೆ.

ದೊಡ್ಡ ಮಟ್ಟದಲ್ಲಿ ನಡೆಯುತ್ತದಾ ಅಂತ ಮ್ಯಾನೇಜರ್ ಕೇಳಿದರೆ ಬ್ರೆಜಿಲ್‌ನ ನುಬ್ಯಾಂಕ್ ಹೆಸರು ಹೇಳಿ. ಅವರ ಬ್ಯಾಂಕಿಂಗ್ ವ್ಯವಸ್ಥೆ ಕ್ಲೋಜರ್ ಮತ್ತು ಡೇಟಾಮಿಕ್ ಎಂಬ ಡೇಟಾಬೇಸ್ ಮೇಲೆ ಕಟ್ಟಿದ್ದು, 2020ರಲ್ಲಿ ಅವರು ಕ್ಲೋಜರ್ ಹಿಂದಿದ್ದ ಕಾಗ್ನಿಟೆಕ್ಟ್ ಕಂಪನಿಯನ್ನೇ ಕೊಂಡುಕೊಂಡರು. ಮೆಟಾಬೇಸ್ ಎನ್ನುವ ರಿಪೋರ್ಟ್ ತೋರಿಸುವ ಸಾಫ್ಟ್‌ವೇರ್ ನಿಮ್ಮ ಆಫೀಸಿನಲ್ಲೇ ಇರಬಹುದು, ಅದರ ಬ್ಯಾಕೆಂಡ್ ಕ್ಲೋಜರ್. ಲಾಗ್‌ಸೆಕ್ ಎಂಬ ನೋಟ್ಸ್ ಆ್ಯಪ್ ಮತ್ತು ಪೆನ್‌ಪಾಟ್ ಎಂಬ ಡಿಸೈನ್ ಟೂಲ್ ಬ್ರೌಸರ್ ಕಡೆಯ ಕೆಲಸಕ್ಕೆ, ಜಾವಾಸ್ಕ್ರಿಪ್ಟ್ ಆಗಿ ಬದಲಾಗುವ ಕ್ಲೋಜರ್‌ಸ್ಕ್ರಿಪ್ಟ್ ಬಳಸುತ್ತವೆ. ನಮ್ಮ ಕಡೆಯೂ ಇದಕ್ಕೆ ನೆಲೆ ಇದೆ. ಇನ್‌ಕ್ಲೋಜರ್ ಸಮ್ಮೇಳನ ಬೆಂಗಳೂರಿನಲ್ಲೂ ಪುಣೆಯಲ್ಲೂ ನಡೆದಿದೆ. ಬೆಂಗಳೂರಿನ ನಿಲೆನ್ಸೊ, ಕೆಲಸ ಮಾಡುವವರೇ ಮಾಲೀಕರಾಗಿರುವ ಸಂಸ್ಥೆ, ಗೂಸ್ ಅನ್ನೋ ಬ್ಯಾಕ್‌ಗ್ರೌಂಡ್ ಜಾಬ್ ಲೈಬ್ರರಿಯನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದೆ. ಲಿಸ್ಪ್ ಬಲ್ಲವರನ್ನು ಹುಡುಕಬೇಕು ಅಂದರೆ ಭಾರತದಲ್ಲಿ ಸುಲಭವಾಗಿ ಸಿಗುವುದು ಕ್ಲೋಜರ್‌ನವರೇ.

ಭಾಷೆಯಾಗಿ ಇದರ ನಡೆ ಬೇರೆ. ಇಲ್ಲಿ ಡೇಟಾ ಬದಲಾಗುವುದಿಲ್ಲ. ಒಂದು ಮ್ಯಾಪ್‌ಗೆ ಏನಾದರೂ ಸೇರಿಸಿದರೆ ಹೊಸ ಮ್ಯಾಪ್ ಸಿಗುತ್ತದೆ, ಹಳೆಯದು ಹಾಗೇ ಉಳಿಯುತ್ತದೆ, ಒಳಗಿನ ಬಹುಭಾಗವನ್ನು ಎರಡೂ ಹಂಚಿಕೊಳ್ಳುವುದರಿಂದ ಮೆಮೊರಿ ದುಪ್ಪಟ್ಟು ಆಗುವುದಿಲ್ಲ. ಹತ್ತು ಥ್ರೆಡ್ ಒಂದೇ ಡೇಟಾ ನೋಡುತ್ತಿದ್ದರೂ ಒಬ್ಬರು ಇನ್ನೊಬ್ಬರ ಕೆಳಗಿಂದ ಅದನ್ನು ಎಳೆಯಲು ಆಗುವುದಿಲ್ಲ. ಹಣಕಾಸು, ಆರ್ಡರ್, ಸ್ಟಾಕ್ ಲೆಕ್ಕ, ಇಂಥ ಕೆಲಸದಲ್ಲಿ ಇದು ಕೊಡುವ ನೆಮ್ಮದಿ ಅನುಭವಿಸಿದವರಿಗೇ ಗೊತ್ತು.

ತೊಂದರೆಗಳೂ ಇವೆ, ಮುಚ್ಚಿಡಬಾರದು. ಒಂದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸಬರೆಲ್ಲ ಬೀಳುವ ಗುಂಡಿ ಇದು. ಫೈಲ್ ತೆರೆದು, ಸಾಲುಗಳನ್ನು ಓದಿ, ಫಿಲ್ಟರ್ ಮಾಡಿ ವಾಪಸ್ ಕೊಡುವ ಫಂಕ್ಷನ್ ಬರೆಯುತ್ತೀರಿ. ವಿತ್-ಓಪನ್ ಒಳಗೆ ಲೈನ್-ಸೆಕ್, ಅದರ ಮೇಲೆ ಫಿಲ್ಟರ್. ನೋಡೋಕೆ ಸರಿಯಾಗಿಯೇ ಇದೆ, ಕಂಪೈಲ್ ಕೂಡ ಆಗುತ್ತದೆ. ಓಡಿಸಿದರೆ ‘ಸ್ಟ್ರೀಮ್ ಕ್ಲೋಸ್ಡ್’ ಅಂತ ಎರರ್. ಆಗಿದ್ದೇನು ಅಂದರೆ, ಫಿಲ್ಟರ್ ಸೋಮಾರಿ. ಯಾರಾದರೂ ಕೇಳುವ ತನಕ ಅದು ಸಾಲನ್ನು ಓದುವುದಿಲ್ಲ. ಕೇಳುವವರು ಬರುವ ಹೊತ್ತಿಗೆ ವಿತ್-ಓಪನ್ ಫೈಲನ್ನು ಮುಚ್ಚಿ ಹೊರಟುಹೋಗಿದೆ. ಫೈಲ್ ಮುಚ್ಚುವ ಮೊದಲೇ ಡೂಆಲ್ ಅಥವಾ ಇನ್‌ಟು ಬಳಸಿ ಎಲ್ಲ ಸಾಲುಗಳನ್ನೂ ಎಳೆದುಕೊಂಡರೆ ಸರಿಹೋಗುತ್ತದೆ. ಡೇಟಾಬೇಸ್ ಕನೆಕ್ಷನ್‌ನಲ್ಲೂ ಇದೇ ಕಥೆ. ತಂಡಕ್ಕೆ ಮೊದಲ ವಾರದಲ್ಲೇ ಇದನ್ನು ಹೇಳಿಕೊಡಿ.

ಎರರ್ ಬಂದಾಗ ಕಾಣುವ ಉದ್ದನೆಯ ಜಾವಾ ಸ್ಟ್ಯಾಕ್ ಟ್ರೇಸ್ ಹೊಸಬರನ್ನು ಹೆದರಿಸುತ್ತದೆ, ಅದು ಅಭ್ಯಾಸದಿಂದಷ್ಟೇ ಹೋಗುತ್ತದೆ. ಖಾಲಿ ಪ್ರೋಗ್ರಾಮ್ ಶುರುವಾಗೋಕೂ ಸೆಕೆಂಡಿನ ಆಸುಪಾಸು ಬೇಕು, ದೊಡ್ಡ ಆ್ಯಪ್ ಆದರೆ ಇನ್ನೂ ಜಾಸ್ತಿ. ಸದಾ ಓಡುತ್ತಿರುವ ಸರ್ವರ್‌ಗೆ ಇದು ಲೆಕ್ಕಕ್ಕಿಲ್ಲ, ಆದರೆ ನಿಮಿಷಕ್ಕೆ ಹತ್ತು ಸಲ ಕರೆಯುವ ಕಮಾಂಡ್ ಲೈನ್ ಸ್ಕ್ರಿಪ್ಟ್‌ಗೆ ತಡೆಯೋಕಾಗಲ್ಲ. ಅಲ್ಲಿ ಬಾಬಾಷ್ಕ ಬಳಸಿ. ಗ್ರಾಲ್‌ವಿಎಂ ಎಂಬ ಟೂಲ್ ಬಳಸಿ ಮೊದಲೇ ಕಂಪೈಲ್ ಮಾಡಿಟ್ಟ ಕ್ಲೋಜರ್ ಇಂಟರ್‌ಪ್ರಿಟರ್ ಅದು, ಕಣ್ಣು ಮಿಟುಕಿಸುವುದರೊಳಗೆ ಶುರುವಾಗುತ್ತದೆ. ಬ್ಯಾಷ್ ಸ್ಕ್ರಿಪ್ಟ್‌ಗಳನ್ನು ಬಾಬಾಷ್ಕಕ್ಕೆ ಬದಲಿಸುವುದು ಕ್ಲೋಜರನ್ನು ಆಫೀಸಿನೊಳಗೆ ತರುವ ತುಂಬ ಸಲೀಸಾದ ದಾರಿ. ಯಾರ ಅನುಮತಿಯೂ ಬೇಕಾಗಲ್ಲ, ಕೆಟ್ಟರೂ ನಷ್ಟ ಸ್ವಲ್ಪವೇ. ಇನ್ನು ಮೆಮೊರಿ: 512 ಎಂಬಿ ಇರುವ ಅಗ್ಗದ ಸರ್ವರ್‌ನಲ್ಲಿ ಜೆವಿಎಂಗೆ ಉಸಿರು ಕಟ್ಟುತ್ತದೆ.

ಕಾಮನ್ ಲಿಸ್ಪ್, ಅಂದರೆ ಹೆಚ್ಚಾಗಿ ಎಸ್‌ಬಿಸಿಎಲ್

ಕಾಮನ್ ಲಿಸ್ಪ್‌ನ ಸ್ಟ್ಯಾಂಡರ್ಡ್ ಅಮೆರಿಕದ ಆನ್ಸಿ ಸಂಸ್ಥೆಯಿಂದ ಹೊರಬಂದದ್ದು 1994ರಲ್ಲಿ, ಆಮೇಲೆ ಬದಲಾಗಿಲ್ಲ. ಕೆಲವರಿಗೆ ಇದು ಸತ್ತ ಭಾಷೆಯ ಲಕ್ಷಣ. ನನಗೆ ಇದು ಭರವಸೆ. ಮೂವತ್ತು ವರ್ಷದ ಹಿಂದೆ ಸ್ಟ್ಯಾಂಡರ್ಡ್ ಪ್ರಕಾರ ಬರೆದ ಕೋಡ್ ಇವತ್ತೂ ಓಡುತ್ತದೆ. ಭಾಷೆ ನಿಂತಿದ್ದರೂ ಕಂಪೈಲರ್ ನಿಂತಿಲ್ಲ. ಹೆಚ್ಚಿನವರು ಬಳಸುವ ಎಸ್‌ಬಿಸಿಎಲ್ ಕಂಪೈಲರ್‌ಗೆ ಹೆಚ್ಚೂಕಡಿಮೆ ಪ್ರತಿ ತಿಂಗಳು ಹೊಸ ಬಿಡುಗಡೆ ಬರುತ್ತದೆ. ಉಚಿತ, ಲೈಸೆನ್ಸ್ ಕಾಟ ಇಲ್ಲ, ನೇರ ಮಷೀನ್ ಕೋಡ್, ನಿಜವಾದ ಓಎಸ್ ಥ್ರೆಡ್‌ಗಳು. ಟೈಪ್ ಹೇಳಿಕೊಟ್ಟರೆ ಲೆಕ್ಕದ ಕೋಡ್ ಸಿ ಭಾಷೆಯ ಹತ್ತಿರ ಹೋಗುತ್ತದೆ. ಟೈಪ್ ತಪ್ಪಿದ್ದರೆ ಕಂಪೈಲ್ ಮಾಡುವಾಗಲೇ ಎಷ್ಟೋ ಸಲ ಎಚ್ಚರಿಸುತ್ತದೆ.

ಆದರೆ ಈ ಭಾಷೆಯನ್ನು ಆರಿಸುವುದಾದರೆ ವೇಗಕ್ಕಾಗಿ ಮಾತ್ರ ಆರಿಸಬೇಡಿ, ಇದರ ಎರರ್ ವ್ಯವಸ್ಥೆಗಾಗಿ ಆರಿಸಿ. ಅದನ್ನು ಹತ್ತಿರದಿಂದ ನೋಡೋಣ.

ಬ್ಯಾಂಕಿನಿಂದ ಬಂದ ಸಿಎಸ್‌ವಿ ಫೈಲು ಅಂದುಕೊಳ್ಳಿ, 80 ಸಾವಿರ ಸಾಲು. ಒಂದೊಂದನ್ನೂ ಓದಿ, ಮೊತ್ತವನ್ನು ಸಂಖ್ಯೆಯಾಗಿ ಮಾಡಿ, ಡೇಟಾಬೇಸ್‌ಗೆ ಹಾಕಬೇಕು. ಅರ್ಧ ದಾರಿಯಲ್ಲಿ ಒಂದು ಸಾಲಿನಲ್ಲಿ ಮೊತ್ತ ‘1,25,000’ ಅಂತ ಕಾಮಾ ಸಮೇತ ಬಂದಿದೆ. ನಿಮ್ಮ ಫಂಕ್ಷನ್‌ಗೆ ಕಾಮಾ ಗೊತ್ತಿಲ್ಲ. ಪೈಥಾನ್ ಅಥವಾ ಜಾವಾದಲ್ಲಿ ಎಕ್ಸೆಪ್ಷನ್ ಏಳುತ್ತದೆ, ಹಿಡಿಯುವವರು ಸಿಗುವ ತನಕ ಸ್ಟ್ಯಾಕ್ ಬಿಚ್ಚಿಕೊಳ್ಳುತ್ತಾ ಮೇಲೆ ಹೋಗುತ್ತದೆ, ಯಾರೂ ಹಿಡಿಯದಿದ್ದರೆ ಅಲ್ಲಿಗೆ ಪ್ರೋಗ್ರಾಮ್ ಮುಗಿಯಿತು. ಕಾಮನ್ ಲಿಸ್ಪ್‌ನಲ್ಲಿ ಎರರ್ ಬಂದ ಜಾಗದಲ್ಲೇ ಎಲ್ಲವೂ ನಿಲ್ಲುತ್ತದೆ, ಸ್ಟ್ಯಾಕ್ ಹಾಗೇ ಇರುತ್ತದೆ. ಡೀಬಗರ್ ತೆರೆದುಕೊಂಡು, ನೀವು ರೀಸ್ಟಾರ್ಟ್-ಕೇಸ್ ಬಳಸಿ ಮೊದಲೇ ಬರೆದಿಟ್ಟ ದಾರಿಗಳನ್ನು ನಂಬರ್ ಹಾಕಿ ತೋರಿಸುತ್ತದೆ: ಈ ಸಾಲು ಬಿಟ್ಟು ಮುಂದೆ ಹೋಗು, ಬೇರೆ ಮೊತ್ತ ಕೊಡು, ಇದೇ ಸಾಲನ್ನು ಮತ್ತೆ ನೋಡು. ಎಡಿಟರ್‌ಗೆ ಹೋಗಿ ಕಾಮಾ ತೆಗೆಯುವ ಕೋಡ್ ಸೇರಿಸಿ, ಆ ಒಂದು ಫಂಕ್ಷನ್ ಮಾತ್ರ ಕಂಪೈಲ್ ಮಾಡಿ, ವಾಪಸ್ ಬಂದು ‘ಮತ್ತೆ ನೋಡು’ ಆರಿಸಿ. ಅದೇ ಸಾಲಿನಿಂದ ಕೆಲಸ ಮುಂದುವರಿಯುತ್ತದೆ. ಹಿಂದಿನ ನಲವತ್ತು ಸಾವಿರ ಸಾಲನ್ನು ಮತ್ತೆ ಓದಬೇಕಿಲ್ಲ.

ಪ್ರೊಡಕ್ಷನ್‌ನಲ್ಲಿ ಡೀಬಗರ್ ಮುಂದೆ ಕೂರುವವರು ಯಾರು ಅಂತ ಕೇಳಬಹುದು. ಅಲ್ಲಿ ಹ್ಯಾಂಡ್ಲರ್-ಬೈಂಡ್ ಬಳಸಿ, ಇಂಥ ಎರರ್ ಬಂದರೆ ಇಂಥ ದಾರಿ ಹಿಡಿ ಅಂತ ಮೇಲಿನ ಹಂತದಿಂದಲೇ ಹೇಳಿಡಬಹುದು. ಕೆಳಗಿನ ಕೋಡ್ ಏನೇನು ಸಾಧ್ಯ ಅಂತ ಹೇಳುತ್ತದೆ, ಮೇಲಿನ ಕೋಡ್ ಯಾವುದು ಬೇಕು ಅಂತ ತೀರ್ಮಾನಿಸುತ್ತದೆ. ರಾತ್ರಿ ಓಡುವ ಜಾಬ್ ಸಾಲು ಬಿಟ್ಟು ಲಾಗ್ ಮಾಡುತ್ತದೆ, ಹಗಲು ಕೈಯಲ್ಲಿ ಓಡಿಸುವಾಗ ಅದೇ ಕೋಡ್ ನಿಮ್ಮನ್ನು ಕೇಳುತ್ತದೆ. ನಾನು ನೋಡಿದ ಬೇರೆ ಯಾವ ಮುಖ್ಯ ಭಾಷೆಯಲ್ಲೂ ಇದು ಇಷ್ಟು ಚೆನ್ನಾಗಿ ಬೆರೆತಿಲ್ಲ. ನಾಸಾದ ಡೀಪ್ ಸ್ಪೇಸ್ 1 ನೌಕೆಯಲ್ಲಿ 1999ರಲ್ಲಿ ರಿಮೋಟ್ ಏಜೆಂಟ್ ಎಂಬ ಲಿಸ್ಪ್ ಪ್ರೋಗ್ರಾಮ್ ಓಡಿಸಿದಾಗ, ಥ್ರೆಡ್‌ಗಳ ನಡುವಿನ ಒಂದು ದೋಷ ಭೂಮಿಯ ಪರೀಕ್ಷೆಗಳಲ್ಲಿ ತಪ್ಪಿಸಿಕೊಂಡು ಅಲ್ಲಿ ತಲೆಯೆತ್ತಿತು. ನೌಕೆಯ ಒಳಗೇ ರೆಪ್ಲ್ ಇದ್ದದ್ದರಿಂದ ಕೋಟ್ಯಂತರ ಕಿಲೋಮೀಟರ್ ದೂರದಿಂದಲೇ ಅದನ್ನು ಪತ್ತೆ ಹಚ್ಚಿ ಸರಿಮಾಡಲು ಆಯಿತು.

ಕೆಲಸದಲ್ಲಿ ಇದು ಎಲ್ಲೆಲ್ಲಿ ಗೆದ್ದಿದೆ ಅಂತ ನೋಡಿದರೆ ಒಂದು ಮಾದರಿ ಕಾಣುತ್ತದೆ. ಐಟಿಎ ಸಾಫ್ಟ್‌ವೇರ್‌ನ ವಿಮಾನ ದರ ಹುಡುಕುವ ಎಂಜಿನ್, ಅದನ್ನು ಕೊಳ್ಳಲು ಗೂಗಲ್ 2010ರಲ್ಲಿ ಒಪ್ಪಿದ ಬೆಲೆ 70 ಕೋಟಿ ಡಾಲರ್. ಗ್ರಾಮರ್ಲಿಯ ವ್ಯಾಕರಣ ತಿದ್ದುವ ಎಂಜಿನ್. ಗಣಿತದ ಮ್ಯಾಕ್ಸಿಮಾ. ಬೇರೆ ಡೇಟಾಬೇಸ್‌ಗಳಿಂದ ಪೋಸ್ಟ್‌ಗ್ರೆಸ್‌ಗೆ ಡೇಟಾ ತರುವ ಪಿಜಿಲೋಡರ್, ಇದರ ಹಿಂದಿನ ಆವೃತ್ತಿ ಪೈಥಾನ್‌ನಲ್ಲಿತ್ತು, ಆಮೇಲೆ ಕಾಮನ್ ಲಿಸ್ಪ್‌ನಲ್ಲಿ ಹೊಸದಾಗಿ ಬರೆದರು. ಇವೆಲ್ಲ ಒಳಗೆ ಭಾರಿ ತಲೆ ಓಡಿಸುವ, ಹೊರಗಿನ ಜೊತೆ ಕಡಿಮೆ ಸಂಪರ್ಕ ಇಟ್ಟುಕೊಂಡಿರುವ ಪ್ರೋಗ್ರಾಮ್‌ಗಳು. ನಿಮ್ಮ ಕೆಲಸವೂ ಹೀಗೇ ಇದ್ದರೆ, ವೇಳಾಪಟ್ಟಿ ಹೊಂದಿಸುವುದು, ನಿಯಮಗಳ ಎಂಜಿನ್, ಪಾರ್ಸರ್, ಸಿಮ್ಯುಲೇಷನ್, ಆಗ ಕಾಮನ್ ಲಿಸ್ಪ್ ಕ್ಲೋಜರಿಗಿಂತ ಒಂದು ಕೈ ಮೇಲು ಅಂತ ಗಟ್ಟಿಯಾಗಿ ಹೇಳುತ್ತೇನೆ.

ಉಲ್ಟಾ ನಿಮ್ಮ ಪ್ರೋಗ್ರಾಮ್ ಹತ್ತು ಬೇರೆ ಸೇವೆಗಳನ್ನು ಅಂಟಿಸುವ ಕೆಲಸ ಆಗಿದ್ದರೆ, ಪೇಮೆಂಟ್ ಗೇಟ್‌ವೇ ಒಂದು, ಎಸ್‌ಎಂಎಸ್ ಒಂದು, ಕ್ಲೌಡ್ ಸ್ಟೋರೇಜ್ ಒಂದು ಅಂತ, ಇದು ಬೇಡ. ಅವರು ಯಾರೂ ಕಾಮನ್ ಲಿಸ್ಪ್‌ಗೆ ಕಿಟ್ ಕೊಡುವುದಿಲ್ಲ. ಎಚ್‌ಟಿಟಿಪಿ ಕರೆಗಳನ್ನು ನೀವೇ ಬರೆಯಬೇಕು, ಅವರು ಬದಲಿಸಿದಾಗ ನೀವೂ ಬದಲಿಸಬೇಕು. ಕ್ವಿಕ್‌ಲಿಸ್ಪ್ ಎಂಬ ಲೈಬ್ರರಿ ಭಂಡಾರದಲ್ಲಿ ಸಾವಿರಕ್ಕೂ ಹೆಚ್ಚು ಲೈಬ್ರರಿ ಸಿಗುತ್ತವೆ, ಗುಣಮಟ್ಟ ಚೆನ್ನಾಗಿಯೇ ಇರುತ್ತದೆ, ಆದರೆ ಎಷ್ಟೋ ಲೈಬ್ರರಿಗಳ ಹಿಂದೆ ಇರುವುದು ಒಬ್ಬರೇ ವ್ಯಕ್ತಿ, ಡಾಕ್ಯುಮೆಂಟೇಷನ್ ಕೂಡ ತೆಳು. ಕೋಡನ್ನೇ ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ಬೇಕು. ವರ್ಷನ್‌ಗಳನ್ನು ಪ್ರಾಜೆಕ್ಟ್‌ಗೆ ಕಟ್ಟಿಹಾಕಲು ಕ್ಲಾಟ್ ಎಂಬ ಟೂಲ್ ಇದೆ, ಮೊದಲ ದಿನದಿಂದಲೇ ಬಳಸಿ. ರೆಡಿಟ್ 2005ರಲ್ಲಿ ಶುರುವಾದದ್ದು ಕಾಮನ್ ಲಿಸ್ಪ್‌ನಲ್ಲಿ, ಅದೇ ವರ್ಷದ ಕೊನೆಗೆ ಪೈಥಾನ್‌ಗೆ ಹೋಯಿತು. ಬೇಕಾದ ಲೈಬ್ರರಿಗಳು ಆಗ ಸಿಗದಿದ್ದದ್ದು ಒಂದು ಮುಖ್ಯ ಕಾರಣ. ಈಗ ಪರಿಸ್ಥಿತಿ ಅಷ್ಟು ಕಷ್ಟ ಇಲ್ಲ, ಆದರೂ ಪಾಠ ಹಳೆಯದಾಗಿಲ್ಲ.

ಡಿಪ್ಲಾಯ್ ಮಾಡುವುದು ಮಾತ್ರ ತುಂಬ ಸರಳ. ಇಡೀ ಓಡುತ್ತಿರುವ ಲಿಸ್ಪನ್ನೇ ಒಂದು ಎಕ್ಸಿಕ್ಯೂಟಬಲ್ ಆಗಿ ಉಳಿಸಿಬಿಡಬಹುದು. ಕಂಪ್ರೆಸ್ ಮಾಡದಿದ್ದರೆ 30-40 ಎಂಬಿ ಬರುತ್ತದೆ, ಸರ್ವರ್‌ಗೆ ಕಾಪಿ ಮಾಡಿ ಓಡಿಸಿದರೆ ಮುಗಿಯಿತು, ಶುರುವಾಗಲು ಸಮಯವೇ ಬೇಡ. ಮುಂದೆ ಹಂಚೆಂಟೂಟ್ ವೆಬ್ ಸರ್ವರ್, ಹಿಂದೆ ಪೋಸ್ಟ್‌ಗ್ರೆಸ್‌ಗೆ ಪೋಸ್ಟ್‌ಮಾಡರ್ನ್. ಸಣ್ಣ ಸರ್ವರ್‌ನಲ್ಲೂ ಆರಾಮಾಗಿ ನಡೆಯುತ್ತದೆ. ಗ್ರಾಹಕರ ಕಂಪ್ಯೂಟರ್‌ಗೆ ಹಾಕುವ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಆದರೆ ದುಡ್ಡು ಕೊಟ್ಟು ಲಿಸ್ಪ್‌ವರ್ಕ್ಸ್ ತಗೊಳ್ಳುವುದು ಒಳ್ಳೆಯದು, ಅದರ ವಿಂಡೊ, ಬಟನ್ ಮಾಡುವ ಲೈಬ್ರರಿಗೆ ಸಮನಾದದ್ದು ಉಚಿತದಲ್ಲಿ ಇಲ್ಲ.

ರಾಕೆಟ್

ರಾಕೆಟ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಅದು ಕಾಲೇಜಿನಲ್ಲಿ ಕಲಿಸೋಕೆ ಮಾತ್ರ ಅಂತ. 2010ರ ತನಕ ಇದಕ್ಕೆ ಪಿಎಲ್‌ಟಿ ಸ್ಕೀಮ್ ಅಂತ ಹೆಸರು (ಸ್ಕೀಮ್ ಅಂದರೆ ಲಿಸ್ಪ್‌ನ ಇನ್ನೊಂದು ಕವಲು), ಕಲಿಕೆಯ ಕಡೆಯಿಂದಲೇ ಬೆಳೆದು ಬಂದದ್ದು ನಿಜ. ಆದರೆ 2021ರಲ್ಲಿ ಬಂದ 8.0ರಿಂದ ಇದು ಚೆಜ್ ಸ್ಕೀಮ್ ಮೇಲೆ ನಿಂತಿದೆ, ಚೆಜ್ ಅಂದರೆ ಹಳೆಯ, ಗಟ್ಟಿಮುಟ್ಟಾದ ಕಂಪೈಲರ್. ಇನ್‌ಸ್ಟಾಲ್ ಮಾಡಿದ ತಕ್ಷಣ ಎಡಿಟರ್, ಡೀಬಗರ್, ಗ್ರಾಫಿಕ್ಸ್, ವೆಬ್ ಸರ್ವರ್, ಡಾಕ್ಯುಮೆಂಟೇಷನ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ. ಆ ಡಾಕ್ಯುಮೆಂಟೇಷನ್ ಓದಿದ ಮೇಲೆ ಬೇರೆ ಲಿಸ್ಪ್‌ಗಳದ್ದು ಓದಲು ಬೇಸರವಾಗುತ್ತದೆ, ಅಷ್ಟು ಚೆನ್ನಾಗಿದೆ.

ರಾಕೆಟ್ ನಿಜಕ್ಕೂ ಗೆಲ್ಲುವುದು ನೀವೇ ಒಂದು ಪುಟ್ಟ ಭಾಷೆ ಮಾಡಬೇಕಾದಾಗ. ವಿಮಾ ಕಂಪನಿಯ ನಿಯಮಗಳು, ಗೇಮ್‌ನ ಪಾತ್ರಗಳ ನಡವಳಿಕೆ, ಪರೀಕ್ಷೆಯ ಪ್ರಶ್ನೆಗಳು, ಇವನ್ನು ಪ್ರೋಗ್ರಾಮರ್ ಅಲ್ಲದವರೂ ಬರೆಯುವಂಥ ಭಾಷೆ. ನಾಟಿ ಡಾಗ್ ಅನ್ನೋ ಗೇಮ್ ಕಂಪನಿ ಇದನ್ನೇ ಮಾಡಿದ್ದು. 2001ರ ಜ್ಯಾಕ್ ಅಂಡ್ ಡ್ಯಾಕ್ಸ್ಟರ್ ಗೇಮ್‌ಗೆ ಅವರು ಕಾಮನ್ ಲಿಸ್ಪ್‌ನಲ್ಲಿ ಗೋಲ್ ಎಂಬ ಸ್ವಂತ ಲಿಸ್ಪ್ ಕಂಪೈಲರ್ ಬರೆದರು, ಆಮೇಲೆ ಅನ್‌ಚಾರ್ಟೆಡ್ ಗೇಮ್‌ಗಳ ಸ್ಕ್ರಿಪ್ಟಿಂಗ್‌ಗೆ ಪಿಎಲ್‌ಟಿ ಸ್ಕೀಮ್ ಬಳಸಿದರು. ಕನ್ನಡದಲ್ಲೇ ಕೋಡ್ ಬರೆಯುವ, ಶಾಲೆ ಮಕ್ಕಳಿಗೆ ಆಗುವಂಥ ಪುಟ್ಟ ಭಾಷೆ ಮಾಡಬೇಕು ಅನ್ನೋರಿಗೂ ನನ್ನ ಸಲಹೆ ರಾಕೆಟ್. ಫೈಲಿನ ಮೊದಲ ಸಾಲಿನಲ್ಲಿ ಬರುವ ಭಾಷೆಯ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇರಬೇಕು. ಅದರ ಕೆಳಗೆ (ಮುಂದೆ 50) (ಬಲಕ್ಕೆ 90) ಅಂತ ಕೊಟ್ಟರೆ ಆಮೆ ಚಿತ್ರ ಬಿಡಿಸುವ ಹಾಗೆ ಮಾಡುವುದು ಒಂದು ವಾರಾಂತ್ಯದ ಕೆಲಸ, ತಪ್ಪಾದಾಗ ಕನ್ನಡದಲ್ಲೇ ಎರರ್ ತೋರಿಸುವುದಕ್ಕೂ ದಾರಿ ಇದೆ.

ಮಾಮೂಲಿ ವೆಬ್ ಆ್ಯಪ್‌ಗೆ ರಾಕೆಟ್ ನಡೆಯುತ್ತದೆ, ಆದರೆ ಸಮುದಾಯ ಚಿಕ್ಕದು, ಕೆಲಸಕ್ಕೆ ಜನ ಸಿಗುವುದು ಕಷ್ಟ. ಎಲ್ಲ ಕೋರ್‌ಗಳನ್ನೂ ದುಡಿಸಬೇಕು ಅಂದರೆ ಅದರ ಮಾಮೂಲಿ ಥ್ರೆಡ್‌ಗಳಿಂದ ಆಗುವುದಿಲ್ಲ, ಪ್ಲೇಸ್ ಥರದ ಬೇರೆ ವ್ಯವಸ್ಥೆ ಕಲಿಯಬೇಕು. ಹ್ಯಾಕರ್ ನ್ಯೂಸ್ ಸೈಟು ವರ್ಷಗಟ್ಟಲೆ ಆರ್ಕ್ ಎಂಬ ಲಿಸ್ಪ್‌ನಲ್ಲಿ, ರಾಕೆಟ್ ಮೇಲೆ ಓಡುತ್ತಿತ್ತು. 2024ರಲ್ಲಿ ಅದೇ ಆರ್ಕ್ ಕೋಡನ್ನು ಎಸ್‌ಬಿಸಿಎಲ್ ಮೇಲೆ ಓಡುವ ಹಾಗೆ ಬದಲಿಸಿದರು. ಹಾಗಂತ ಆ ಮಟ್ಟದ ಟ್ರಾಫಿಕ್ ಬರುವ ತನಕ ರಾಕೆಟ್ ನಿಮಗೆ ಸಾಲದು ಅಂತ ಅನ್ನಿಸಲ್ಲ.

ಇನ್ನೊಂದು ಪ್ರೋಗ್ರಾಮಿನ ಒಳಗೆ ಕೂರುವವು

ಕೆಲವು ಸಲ ಆಯ್ಕೆಯೇ ಇರುವುದಿಲ್ಲ. ಆಟೋಕ್ಯಾಡ್‌ನಲ್ಲಿ ಕೆಲಸ ಮಾಡುವವರಿಗೆ ಆಟೋಲಿಸ್ಪ್, 1986ರಿಂದ ಅದರ ಒಳಗೇ ಇದೆ. ಸಿವಿಲ್ ಡ್ರಾಯಿಂಗ್ ಮಾಡುವ ಆಫೀಸುಗಳಲ್ಲಿ ‘ಲಿಸ್ಪ್ ಲೋಡ್ ಮಾಡ್ಕೊ’ ಅನ್ನೋ ಮಾತು ದಿನಾ ಕೇಳುತ್ತದೆ, ಹೇಳುವವರಲ್ಲಿ ತುಂಬ ಜನ ತಮ್ಮನ್ನು ಪ್ರೋಗ್ರಾಮರ್ ಅಂದುಕೊಂಡೇ ಇಲ್ಲ. ಲೇಯರ್ ಸರಿಮಾಡುವುದು, ಜಾಗದ ಅಳತೆ ಕೂಡಿಸಿ ಟೇಬಲ್ ಹಾಕುವುದು, ಇಂಥವಕ್ಕೆ ಐವತ್ತು ಸಾಲಿನ ಆಟೋಲಿಸ್ಪ್ ದಿನಕ್ಕೆ ಗಂಟೆಗಟ್ಟಲೆ ಉಳಿಸುತ್ತದೆ. 2024ರ ಆವೃತ್ತಿಯಿಂದ ಅಗ್ಗದ ಆಟೋಕ್ಯಾಡ್ ಎಲ್‌ಟಿಯಲ್ಲೂ ಇದು ಸಿಗುತ್ತದೆ, ಸಣ್ಣ ಆಫೀಸುಗಳಿಗೆ ದೊಡ್ಡ ಅನುಕೂಲ. ಲಿಸ್ಪ್ ದಿನನಿತ್ಯದ ಕೆಲಸಕ್ಕೆ ಬರುತ್ತಾ ಅಂತ ಅನುಮಾನ ಇರುವವರು ಇಂಥ ಒಂದು ಆಫೀಸಿಗೆ ಹೋಗಿ ನೋಡಬೇಕು.

ಈಮ್ಯಾಕ್ಸ್ ಎಡಿಟರ್ ಬಳಸುವವರಿಗೆ ಈಮ್ಯಾಕ್ಸ್ ಲಿಸ್ಪ್, ಗೀಕ್ಸ್ ಎಂಬ ಪ್ಯಾಕೇಜ್ ಮ್ಯಾನೇಜರ್ ಬಳಸುವವರಿಗೆ ಗೈಲ್ ಸ್ಕೀಮ್, ಅದರಲ್ಲಿ ಹೇಳೋಕೆ ಜಾಸ್ತಿ ಇಲ್ಲ. ನಿಯೋವಿಮ್ ಎಡಿಟರ್ ಅಥವಾ ಲುವಾ ಓಡುವ ಗೇಮ್ ಎಂಜಿನ್ ಇದ್ದರೆ ಫೆನೆಲ್ ನೋಡಿ. ಅದು ಲುವಾ ಆಗಿ ಬದಲಾಗುತ್ತದೆ, ಓಡುವಾಗ ಹೆಚ್ಚಿನ ಭಾರ ಇಲ್ಲ, ಬೇಡ ಅನ್ನಿಸಿದರೆ ಹೊರಬಂದ ಲುವಾ ಕೋಡನ್ನೇ ಇಟ್ಟುಕೊಂಡು ಮುಂದುವರಿಯಬಹುದು. ನಿಮ್ಮ ಸಿ ಪ್ರೋಗ್ರಾಮಿನ ಒಳಗೆ ಸ್ಕ್ರಿಪ್ಟಿಂಗ್ ಬೇಕಾದರೆ ಜಾನೆಟ್. ಒಂದು ಸಿ ಫೈಲು, ಒಂದೆರಡು ಹೆಡರ್ ಸೇರಿಸಿ ಕಂಪೈಲ್ ಮಾಡಿದರೆ ಮುಗಿಯಿತು, ಪಠ್ಯ ಪಾರ್ಸ್ ಮಾಡುವ ಒಳ್ಳೆಯ ವ್ಯವಸ್ಥೆ ಒಳಗೇ ಬರುತ್ತದೆ. ಫೆನೆಲ್, ಜಾನೆಟ್ ಎರಡನ್ನೂ ಶುರುಮಾಡಿದ್ದು ಕ್ಯಾಲ್ವಿನ್ ರೋಸ್ ಎಂಬ ಒಬ್ಬರೇ.

ಬರೀ ಸ್ಕೀಮ್ ಬೇಕಾ? ಚಿಕನ್, ಗ್ಯಾಂಬಿಟ್, ಚೆಜ್ ಮೂರೂ ಒಳ್ಳೆಯವೇ. ಆದರೆ ಒಂದಕ್ಕೆ ಬರೆದ ಲೈಬ್ರರಿ ಇನ್ನೊಂದರಲ್ಲಿ ಸಲೀಸಾಗಿ ಓಡುವುದಿಲ್ಲ. 2007ರ ಸ್ಟ್ಯಾಂಡರ್ಡ್ ಒಂದು ಕಡೆ, 2013ರದ್ದು ಇನ್ನೊಂದು ಕಡೆ, ಸಮುದಾಯ ಹಂಚಿಹೋಗಿದೆ. ಕಾರಣ ಗಟ್ಟಿಯಾಗಿಲ್ಲದಿದ್ದರೆ ಕಂಪನಿ ಪ್ರಾಜೆಕ್ಟ್‌ಗೆ ತರಬೇಡಿ.

ಕನ್ನಡ ಪಠ್ಯದ ಕೆಲಸ ಇದ್ದರೆ

ಇದನ್ನು ಬೇರೆಯವರ ಹೋಲಿಕೆಗಳಲ್ಲಿ ಕಾಣುವುದಿಲ್ಲ, ಆದರೆ ನಮಗೆ ಬೇಕು. ‘ಕನ್ನಡ’ ಎಂಬ ಪದದ ಉದ್ದ ಕೇಳಿ. ಕ್ಲೋಜರ್ 5 ಅನ್ನುತ್ತದೆ, ಎಸ್‌ಬಿಸಿಎಲ್ 5, ರಾಕೆಟ್ ಕೂಡ 5. ಕ, ನ, ಹಲಂತದ ಗುರುತು, ಮತ್ತೆ ನ, ಕೊನೆಗೆ ಡ. ಓದುವವರ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಪದವನ್ನು ತಿರುಗಿಸಿದರೆ, ಅರ್ಧಕ್ಕೆ ಕತ್ತರಿಸಿದರೆ, ಹತ್ತು ಅಕ್ಷರಕ್ಕೆ ಮಿತಿ ಹಾಕಿದರೆ ಒತ್ತಕ್ಷರ ಒಡೆದುಹೋಗುತ್ತದೆ. ಎಸ್‌ಬಿಸಿಎಲ್‌ನಲ್ಲಿ ಯೂನಿಕೋಡ್ ಗ್ರಾಫೀಮ್ (ಓದುವವರಿಗೆ ಒಂದು ಅಕ್ಷರ ಅನ್ನಿಸುವ ತುಂಡು) ಬೇರ್ಪಡಿಸುವ ಫಂಕ್ಷನ್ ಜೊತೆಯಲ್ಲೇ ಬರುತ್ತದೆ, ಜಾವಾದಲ್ಲಿ ರೆಜೆಕ್ಸ್ ಮೂಲಕ ಆಗುತ್ತದೆ. ಆದರೂ ನಮ್ಮ ಒತ್ತಕ್ಷರಗಳನ್ನು ಪೂರ್ತಿ ಒಂದಾಗಿ ಹಿಡಿಯಲು ಎರಡು ಕಡೆಯೂ ಹಲಂತ ಕಂಡರೆ ಮುಂದಿನ ವ್ಯಂಜನವನ್ನು ಸೇರಿಸು ಎಂಬ ಪುಟ್ಟ ನಿಯಮವನ್ನು ನೀವೇ ಬರೆಯಬೇಕು.

ದಿನಾಂಕ, ಸಂಖ್ಯೆ, ಅಕಾರಾದಿ ಜೋಡಣೆ ಕನ್ನಡದಲ್ಲಿ ಬೇಕಾದರೆ ಕ್ಲೋಜರ್ ಮುಂದೆ. ಜೆವಿಎಂನಲ್ಲಿ ಕನ್ನಡ ಲೋಕೇಲ್ ಇದೆ, ಸಾಲದಿದ್ದರೆ ಭಾಷೆಗಳ ಕೆಲಸಕ್ಕೇ ಇರುವ ಐಸಿಯು ಲೈಬ್ರರಿ ಸೇರಿಸಬಹುದು. ಕಾಮನ್ ಲಿಸ್ಪ್‌ನಲ್ಲಿ ತಿಂಗಳ ಹೆಸರಿನ ಪಟ್ಟಿಯಿಂದ ಹಿಡಿದು ನೀವೇ ಮಾಡಿಕೊಳ್ಳಬೇಕಾಗುತ್ತದೆ. ಆದರೆ ಪದಗಳನ್ನು ಬಿಡಿಸುವ, ವಿಭಕ್ತಿ ಪ್ರತ್ಯಯ ಗುರುತಿಸುವ ಎಂಜಿನ್ ಬರೆಯುವುದಾದರೆ ನಾನು ಮತ್ತೆ ಎಸ್‌ಬಿಸಿಎಲ್ ಕಡೆಗೇ ಹೋಗುತ್ತೇನೆ. ನಿಯಮಗಳನ್ನು ಮ್ಯಾಕ್ರೊ ಮೂಲಕ ಬರೆದು, ಫಂಕ್ಷನ್‌ಗಳ ಹೆಸರನ್ನೂ ‘ಸಂಧಿ-ಬಿಡಿಸು’, ‘ಪ್ರತ್ಯಯ-ತೆಗೆ’ ಅಂತ ಕನ್ನಡದಲ್ಲೇ ಇಡಬಹುದು. ಕೋಡ್ ಓದಿದರೆ ವ್ಯಾಕರಣ ಬಲ್ಲವರಿಗೂ ಅರ್ಥವಾಗುತ್ತದೆ, ತಪ್ಪಿದ್ದರೆ ಅವರೇ ತೋರಿಸುತ್ತಾರೆ.

ಎಡಿಟರ್, ಜನ, ಹೊರಬರುವ ದಾರಿ

ತಂಡದಲ್ಲಿ ಯಾರೂ ಈಮ್ಯಾಕ್ಸ್ ಬಳಸಿಲ್ಲ ಅಂದರೆ ಅದನ್ನು ಲೆಕ್ಕಕ್ಕೆ ತಗೊಳ್ಳಿ. ಕ್ಲೋಜರ್‌ಗೆ ವಿಎಸ್ ಕೋಡ್‌ನಲ್ಲಿ ಕಾಲ್ವಾ, ಇಂಟೆಲಿಜೆಯಲ್ಲಿ ಕರ್ಸಿವ್ ಇವೆ, ಒಂದು ದಿನದಲ್ಲಿ ಕೈಗೆ ಹತ್ತುತ್ತವೆ. ಕಾಮನ್ ಲಿಸ್ಪ್‌ನ ಪೂರ್ತಿ ಸುಖ ಸಿಗುವುದು ಈಮ್ಯಾಕ್ಸ್ ಮತ್ತು ಅದರೊಳಗೆ ಹಾಕುವ ಸ್ಲೈಮ್ ಇದ್ದಾಗಲೇ. ಮೇಲೆ ಹೇಳಿದ ಡೀಬಗರ್ ಆಟ ಬೇರೆ ಎಡಿಟರ್‌ನಲ್ಲಿ ಅಷ್ಟು ಸರಾಗ ಅಲ್ಲ. ಬ್ರಾಕೆಟ್ಟುಗಳ ಚಿಂತೆ ಬೇಡ, ಪ್ಯಾರೆಡಿಟ್ ಥರದ ಟೂಲ್ ಹಾಕಿಕೊಂಡರೆ ಅವು ತಾವಾಗಿಯೇ ಸರಿಯಾಗಿರುತ್ತವೆ, ಎರಡು ವಾರದ ಮೇಲೆ ಕಣ್ಣಿಗೆ ಬೀಳುವುದೂ ಇಲ್ಲ.

ಹೊರಬರುವ ದಾರಿಯನ್ನು ಮೊದಲೇ ಯೋಚಿಸಿ. ಪಾಲ್ ಗ್ರಹಾಂ, ರಾಬರ್ಟ್ ಮಾರಿಸ್ 1995ರಲ್ಲಿ ಶುರುಮಾಡಿದ ವಯಾವೆಬ್ ಲಿಸ್ಪ್‌ನಲ್ಲಿ ಗೆದ್ದಿತು, 1998ರಲ್ಲಿ ಯಾಹೂ ಕೊಂಡುಕೊಂಡಿತು, ಆಮೇಲೆ ಅದನ್ನು ಸಿ++ ಮತ್ತು ಪರ್ಲ್‌ನಲ್ಲಿ ತಿರುಗಿ ಬರೆದರು. ಕೊಂಡವರಿಗೆ ಅದನ್ನು ನೋಡಿಕೊಳ್ಳುವ ಜನ ಬೇಕಲ್ವಾ? ಕ್ಲೋಜರ್‌ನಲ್ಲಿ ಈ ದಾರಿ ನಿಧಾನವಾಗಿ, ಒಂದೊಂದೇ ಫೈಲಾಗಿ ಜಾವಾ ಅಥವಾ ಕೋಟ್ಲಿನ್ ಕಡೆ ಹೋಗುತ್ತದೆ, ಒಂದೇ ಜಾರ್ ಒಳಗೆ ಎರಡೂ ಇರಬಹುದು. ಕಾಮನ್ ಲಿಸ್ಪ್‌ನಲ್ಲಾದರೆ ಎಂಜಿನನ್ನು ಬೇರೆ ಪ್ರೋಸೆಸ್ ಮಾಡಿ, ಜೇಸನ್ ಮೂಲಕ ಮಾತ್ರ ಮಾತಾಡುವ ಹಾಗೆ ಇಡಿ. ಉಳಿದ ತಂಡ ತಮ್ಮ ಭಾಷೆಯಲ್ಲೇ ಇರುತ್ತದೆ, ಲಿಸ್ಪ್ ಗೊತ್ತಿರುವ ಇಬ್ಬರು ಎಂಜಿನ್ ನೋಡಿಕೊಳ್ಳುತ್ತಾರೆ. ಒಬ್ಬರೇ ಇದ್ದರೆ ಶುರುಮಾಡಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಆ ಒಬ್ಬರು ಕೆಲಸ ಬಿಟ್ಟ ದಿನ ಬೈಗುಳ ತಿನ್ನುವುದು ಭಾಷೆ.

ಯಾವ ಲಿಸ್ಪೂ ಬೇಡದ ಕಡೆಯೂ ಇದೆ. ಮಷಿನ್ ಲರ್ನಿಂಗ್ ಮಾಡೆಲ್ ತರಬೇತಿ ಮುಖ್ಯ ಕೆಲಸ ಆಗಿದ್ದರೆ ಪೈಥಾನ್ ಬಳಸಿ. ಆಂಡ್ರಾಯ್ಡ್ ಆ್ಯಪ್ ಒಂದೇ ಇಡೀ ಪ್ರಾಜೆಕ್ಟ್ ಆಗಿದ್ದರೆ ಕೋಟ್ಲಿನ್.

ಎರಡರ ನಡುವೆ ಇನ್ನೂ ತೂಗಾಡುತ್ತಿದ್ದರೆ ಹೀಗೆ ಮಾಡಿ. ಒಂದೇ ಪುಟ್ಟ ಪ್ರೋಗ್ರಾಮನ್ನು ಎರಡರಲ್ಲೂ ಬರೆಯಿರಿ: ಒಂದು ಸಿಎಸ್‌ವಿ ಓದಿ ಪೋಸ್ಟ್‌ಗ್ರೆಸ್‌ಗೆ ಹಾಕಬೇಕು, ಒಂದು ವೆಬ್ ವಿಳಾಸದಲ್ಲಿ ಅದನ್ನು ಜೇಸನ್ ಆಗಿ ಕೊಡಬೇಕು. ಅದನ್ನು ನಿಮ್ಮ ನಿಜವಾದ ಸರ್ವರ್ ಮೇಲೆ ಹಾಕಿ, ಲ್ಯಾಪ್‌ಟಾಪ್ ಮೇಲಲ್ಲ. ಆಮೇಲೆ ಫೈಲಿನಲ್ಲಿ ಬೇಕಂತಲೇ ಒಂದು ಸಾಲು ಕೆಡಿಸಿ. ಪ್ರೋಗ್ರಾಮ್ ನಿಂತಾಗ ತಂಡದಲ್ಲಿ ಲಿಸ್ಪ್ ಅತಿ ಕಡಿಮೆ ಗೊತ್ತಿರುವವರನ್ನು ಕೂರಿಸಿ, ಲಾಗ್ ಓದಿ ಕಾರಣ ಹುಡುಕಲು ಹೇಳಿ. ಅವರು ಯಾವುದರಲ್ಲಿ ಬೇಗ ಕಂಡುಹಿಡಿಯುತ್ತಾರೋ ಅದನ್ನು ತಗೊಳ್ಳಿ.